ಗಂಗತ್ತೆ ತೊಳೆದ ಬಾಡಿಗೆ ಬೈಕು

ಇತ್ತೀಚೆಗೆ ನನಗೊಂದು ಚಟ ಹತ್ತಿದೆ. ಬಾಡಿಗೆಗೆ ತಂದ ವಸ್ತು ಯಾವುದೇ ಕಣ್ಣಿಗೆ ಬೀಳಲಿ, ಮೊಬೈಲು ತೆಗೆದು ಅದರ ಗಾಯಗಳ ವಿಡಿಯೋ ಮಾಡಿಕೊಳ್ಳುತ್ತೇನೆ. ಮೊನ್ನೆ ನಮ್ಮ ಓಣಿಯಲ್ಲಿ ಒಂದು ಕುಬಸದ ಕಾರ್ಯವಿತ್ತು. ಪೆಂಡಾಲಿನವನು ಪ್ಲಾಸ್ಟಿಕ್ ಕುರ್ಚಿ ಇಳಿಸುತ್ತಿದ್ದ. ನಾನು ಒಂದೊಂದೇ ಕುರ್ಚಿಯನ್ನು ಬೋರಲು ಹಾಕಿ, ಕಾಲು ಸೀಳಿದ್ದು ಯಾವುದು, ಬೆನ್ನು ಒಡೆದದ್ದು ಯಾವುದು ಎಂದು ಚಿತ್ರೀಕರಿಸುತ್ತ ನಿಂತೆ. ಕಾರ್ಯ ನಮ್ಮ ಮನೆಯದಲ್ಲ, ಕುರ್ಚಿ ತರಿಸಿದವನು ನಾನಲ್ಲ. ಪೆಂಡಾಲಿನವನು ನನ್ನನ್ನು ಯಾವುದೋ ಚಾನೆಲ್ಲಿನವನೆಂದು ತಿಳಿದು ತಲೆಗೂದಲು ಸರಿಮಾಡಿಕೊಂಡ. ನನ್ನ ಹೆಂಡತಿ ಪೆಂಡಾಲಿನ ಆ ತುದಿಯಿಂದಲೇ ಕೂಗಿದಳು: “ಏನ್ರಿ, ಬಸುರಿ ಹುಡುಗಿ ಫೋಟೋ ತಗೀರಿ ಅಂದ್ರ ಕುರ್ಚೀದು ತಗ್ಯಾಕ ನಿಂತೀರಲ್ಲ!”

ನಗಬೇಡಿ. ಇದು ಹುಚ್ಚಲ್ಲ, ಸಿಟ್ಟು. ನನ್ನ ಸಿಟ್ಟಿನದೇ ಒಂದು ತೊಂದರೆ, ಅದು ಬರಬೇಕಾದ ಹೊತ್ತಿಗೆ ಬರುವುದಿಲ್ಲ. ವಿಜಯಪುರದಲ್ಲಿ ನನ್ನದೊಂದು ಸಣ್ಣ ಅರಿವೆ ಅಂಗಡಿ. ಕಪಾಟಿನ ಸೀರೆಗಳನ್ನೆಲ್ಲ ಇಳಿಸಿ, ಬಿಚ್ಚಿಸಿ, ಮೈಮೇಲೆ ಹಾಕಿಕೊಂಡು ಕನ್ನಡಿ ನೋಡಿ, ಕಡೆಗೆ ‘ಯಾಕೋ ಬಣ್ಣ ಮನಸಿಗೆ ಬರವಲ್ದು’ ಎಂದು ಎದ್ದು ಹೋಗುವವರಿಗೂ ‘ಮತ್ತ ಬರ್ರಿ’ ಎಂದು ಕೈಮುಗಿಯುವುದು ನನಗೆ ರೂಢಿಯಾಗಿಬಿಟ್ಟಿದೆ. ಜಗಳದಲ್ಲಿ ಆಡಬೇಕಾಗಿದ್ದ ಮಾತುಗಳೆಲ್ಲ ಹೊಳೆಯುವುದು ಮರುದಿನ, ತಲೆಗೆ ಸೋಪು ಹಚ್ಚಿಕೊಂಡು ಬಚ್ಚಲಿನಲ್ಲಿ ಕೂತಾಗ. ಅಲ್ಲಿ ನಾನು ಗೆಲ್ಲದ ಜಗಳವಿಲ್ಲ. ಆದರೆ ಆ ಬೈಕಿನ ವಿಷಯದ ಸಿಟ್ಟು ಮಾತ್ರ ಬಚ್ಚಲು ದಾಟಿ ಬಂದು ಮನೆಯೆಲ್ಲ ಓಡಾಡುತ್ತಿದೆ. ಇವತ್ತು ಅದನ್ನು ನಿಮ್ಮ ಮುಂದೆ ಕಾರಿಕೊಂಡೇ ತೀರುತ್ತೇನೆ.

ಆಗ ನನ್ನ ಸ್ವಂತ ಗಾಡಿ ಎಂಜಿನ್ ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿ ಬಿದ್ದಿತ್ತು. ಅದೇ ಹೊತ್ತಿಗೆ ಬಬಲೇಶ್ವರದಿಂದ ಗಂಗತ್ತೆಯ ಫೋನು ಬಂತು. ಗಂಗತ್ತೆ ಎಂದರೆ ನಮ್ಮಪ್ಪನ ತಂಗಿ. “ಮಲ್ಲೂ, ಕನಮಡಿಯೊಳಗ ಒಂದು ಎಮ್ಮಿ ಕೊಡೂದೈತೆಂತ. ನೋಡಿಕೊಂಡ ಬರೂಣು, ಗಾಡಿ ತಗೊಂಡ ಬಾ” ಎಂದಳು. ಅವಳಿಗೆ ಮಕ್ಕಳಿದ್ದಾರೆ, ಸೊಸೆಯಂದಿರಿದ್ದಾರೆ, ಮನೆ ತುಂಬ ಜನ. ಆದರೂ ಎಮ್ಮೆ ನೋಡಲು ಹೋಗುವಾಗ ನಾನೇ ಬೇಕು. ನನಗೆ ಎಮ್ಮೆಯ ಬಗ್ಗೆ ಏನೇನೂ ಗೊತ್ತಿಲ್ಲ, ಹಾಗಾಗಿ ನಡುವೆ ಬಾಯಿ ಹಾಕುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಗಾಡಿ ರಿಪೇರಿಗೆ ಹೋಗಿದೆ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ. ಒಂದು ದಿನದ ಮಟ್ಟಿಗೆ ಬೈಕು ಬಾಡಿಗೆಗೆ ತಂದರಾಯಿತು ಅಂದುಕೊಂಡೆ.

ಗೋಳಗುಮ್ಮಟದ ಹತ್ತಿರ, ಟಾಂಗಾಗಳು ನಿಲ್ಲುವ ಕಡೆ, ಪ್ರವಾಸಿಗರಿಗೆಂದು ಬೈಕು ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ. ಅದರ ಮಾಲಕ ಮೂವತ್ತರ ಆಸುಪಾಸಿನವನು. ಕರಿ ಕನ್ನಡಕವನ್ನು ಕಣ್ಣಿಗೆ ಹಾಕುವುದು ಬಿಟ್ಟು ನೆತ್ತಿಯ ಮೇಲೆ ಇಟ್ಟುಕೊಂಡಿರುತ್ತಾನೆ. ಕರಿ ಬಣ್ಣದ ಬೈಕೊಂದನ್ನು ಬೇವಿನ ಗಿಡದ ನೆರಳಿಗೆ ನಿಲ್ಲಿಸಿ, “ಸುತ್ತ ಹಾಕಿ ನೋಡ್ರಿ ಕಾಕಾ, ಒಂದ ಗೀರಿಲ್ಲ. ಹೆಂಗ ಒಯ್ತೀರಿ ಹಂಗ ತಂದು ನಿಲ್ಲಿಸಿದ್ರ ನಿಮ್ಮ ಡಿಪಾಜಿಟ್ ಪೂರಾ ವಾಪಸ್” ಎಂದ. ನಾನು ಗಂಭೀರನಾಗಿ ಒಂದು ಸುತ್ತು ಹಾಕಿದೆ. ಗಾಲಿಗೆ ಒಂದು ಒದೆ ಕೊಟ್ಟೆ. ಗಾಡಿ ನೋಡುವವರು ಗಾಲಿಗೆ ಯಾಕೆ ಒದೆಯುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ‘ಸೀರಿ ಬಣ್ಣ ಬಿಸಲಿಗೆ ಹಿಡದ ನೋಡಬೇಕ್ರಿ’ ಎಂದು ದಿನಬೆಳಗಾದರೆ ಗಿರಾಕಿಗಳಿಗೆ ಹೇಳುವವನು ನಾನು. ಅವನು ನೆರಳಿನಲ್ಲಿ ತೋರಿಸಿದ್ದನ್ನು ನೆರಳಿನಲ್ಲೇ ನೋಡಿ, “ಛಲೋ ಐತಿ” ಎಂದು ಡಿಪಾಜಿಟ್ ಎಣಿಸಿಕೊಟ್ಟೆ.

ನಾನು ಬೆಳೆದದ್ದು ತಿಕೋಟಾದಲ್ಲಿ. ಅಲ್ಲಿ ತಾಸಿನ ಬಾಡಿಗೆಗೆ ಸೈಕಲ್ ಕೊಡುವ ಮನುಷ್ಯನೊಬ್ಬನಿದ್ದ. ಊರಿಗೆಲ್ಲ ಅವನು ದಾದಾ. ದಾದಾನಿಗೆ ಡಿಪಾಜಿಟ್ ಗಿಪಾಜಿಟ್ ಗೊತ್ತಿರಲಿಲ್ಲ, ಅವನು ನಮ್ಮ ಚಪ್ಪಲಿ ಬಿಡಿಸಿ ಇಟ್ಟುಕೊಳ್ಳುತ್ತಿದ್ದ. ಹಾಗಾಗಿ ತಿಕೋಟಾದ ಹುಡುಗರೆಲ್ಲ ಸೈಕಲ್ ಕಲಿತದ್ದು ಬರಿಗಾಲಿನಲ್ಲಿ, ರಬ್ಬರು ಹೋದ ಪೆಡಲಿನ ಕಬ್ಬಿಣವನ್ನು ಅಂಗಾಲಿಗೆ ಒತ್ತಿಸಿಕೊಳ್ಳುತ್ತ. ಚಪ್ಪಲಿ ಇಲ್ಲದ ಹುಡುಗನಿಗೆ ಸೈಕಲ್ ಇಲ್ಲ. ನನ್ನ ಗೆಳೆಯನೊಬ್ಬ ಸೈಕಲ್ ತುಳಿಯುವ ಆಸೆಗೆ ತನ್ನ ಅಜ್ಜನ ಕಿರ್‍ರೆನ್ನುವ ತೊಗಲಿನ ಚಪ್ಪಲಿ ಹೊತ್ತು ತಂದಿದ್ದ. ಅಜ್ಜ ಬರಿಗಾಲಿನಲ್ಲಿ ಬಡಿಗೆ ಹಿಡಿದು ಅವನನ್ನು ಊರೆಲ್ಲ ಹುಡುಕಿದ್ದ.

ಸೈಕಲ್ ವಾಪಸು ತಂದಾಗ ದಾದಾ ಸೈಕಲ್ಲನ್ನು ನೋಡುತ್ತಿರಲಿಲ್ಲ. “ಮೊಣಕಾಲ ತೋರ್ಸಲೇ” ಎನ್ನುತ್ತಿದ್ದ. ಮೊಣಕಾಲು ಕೆತ್ತಿದ್ದರೆ ಸೈಕಲ್ ಬಿದ್ದಿದೆ ಎಂದು ಅರ್ಥ. ನಾನೊಮ್ಮೆ ಹೊಲದ ತಿರುವಿನಲ್ಲಿ ಬಿದ್ದು, ಗಾಯ ಮುಚ್ಚಲೆಂದು ಚಡ್ಡಿಯನ್ನು ಮೊಣಕಾಲಿನವರೆಗೆ ಎಳೆದುಕೊಂಡು ಅವನ ಮುಂದೆ ನಿಂತೆ. ಮುಂದೆ ಗಾಯವೇನೋ ಮುಚ್ಚಿತು, ಹಿಂದೆ ಮಾತ್ರ ಎಲ್ಲ ಬಯಲಾಯಿತು. ಹಿಂದೆ ನಿಂತ ಹುಡುಗರು ಕೇಕೆ ಹಾಕಿದರು. ದಾದಾ ಬಿದ್ದು ಬಿದ್ದು ನಕ್ಕ, ನಕ್ಕು ಮುಗಿದ ಮೇಲೆ ನನ್ನ ಕಿವಿ ಹಿಂಡಿದ. ಆ ಕಾಲ ಬಂಗಾರದ್ದಾಗಿತ್ತು ಎಂದು ಹಾಡಲು ನಾನಿಲ್ಲಿ ಕೂತಿಲ್ಲ. ಆ ಕಿವಿ ರಾತ್ರಿಯವರೆಗೂ ಉರಿಯುತ್ತಿತ್ತು. ಆದರೆ ದಾದಾ ಬಿದ್ದವನ ಕಿವಿ ಹಿಂಡುತ್ತಿದ್ದ, ಬೀಳದವನ ಕಿವಿಗೆ ಎಂದೂ ಕೈಹಾಕಿದವನಲ್ಲ. ನನ್ನ ತಕರಾರು ಇರುವುದು ಇಷ್ಟೇ.

ಇರಲಿ, ಎಮ್ಮೆಯ ಕಡೆಗೆ ಬರೋಣ. ಬಬಲೇಶ್ವರಕ್ಕೆ ಹೋಗಿ ಗಂಗತ್ತೆಯನ್ನು ಹಿಂದೆ ಕೂಡಿಸಿಕೊಂಡು, ತಿಕೋಟಾ ದಾಟಿ, ದ್ರಾಕ್ಷಿ ತೋಟಗಳ ನಡುವೆ ಧೂಳು ಕುಡಿಯುತ್ತ ಕನಮಡಿ ಮುಟ್ಟಿದೆವು. ಮಾರುವವನು ಎಮ್ಮೆಯ ಮೈ ತಿಕ್ಕಿ ಮಿರಮಿರ ಮಿಂಚುವಂತೆ ಮಾಡಿ ನಿಲ್ಲಿಸಿದ್ದ. ನನಗಂತೂ ಅಂಥ ಚೆಲುವಾದ ಎಮ್ಮೆ ಲೋಕದಲ್ಲೇ ಇಲ್ಲ ಅನ್ನಿಸಿತು. ಗಂಗತ್ತೆ ಅದರ ಪಕ್ಕೆಯನ್ನೊಮ್ಮೆ ಅಂಗೈಯಿಂದ ಸವರಿ, ಅಂಗೈ ಮೂಸಿ ನೋಡಿ, “ಎಣ್ಣಿ ಛಲೋ ಶೇಂಗಾದ್ದೈತಿ ಯಪ್ಪಾ. ಎಮ್ಮಿ ಬ್ಯಾಡ” ಎಂದು ಹೊರಟೇಬಿಟ್ಟಳು. ಅಲ್ಲಿಗೆ ಎಮ್ಮೆಯ ಕತೆ ಮುಗಿಯಿತು. ನಾವು ಎಲ್ಲಿಯೂ ಬೀಳಲಿಲ್ಲ, ಯಾರಿಗೂ ತಾಕಿಸಲಿಲ್ಲ, ಬೈಕನ್ನು ಒಂದು ಗೋಡೆಗೂ ಒರಗಿಸಲಿಲ್ಲ. ಕತ್ತಲಾಗುವಷ್ಟರಲ್ಲಿ ಬಬಲೇಶ್ವರಕ್ಕೆ ಬಂದು ಅವಳ ಮನೆಯಲ್ಲೇ ಉಳಿದೆ.

ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಬೈಕಿಗೆ ಜಳಕ ನಡೆದಿದೆ. ಒಂದು ಬಕೀಟಿನಲ್ಲಿ ಉಗುರುಬೆಚ್ಚನೆಯ ನೀರು, ಶಾಂಪೂ ಪ್ಯಾಕೆಟ್ಟು, ಹಳೆಯ ಧೋತರದ ಮೆತ್ತನೆಯ ತುಂಡು. ನಾನು, “ಬಾಡಿಗಿ ಕೊಟ್ಟೇನಿ ಬೇ ಅತ್ತಿ, ತೊಳಿಯೂದು ಅವರ ಕೆಲಸ” ಎಂದೆ.

“ಬಾಡಿಗಿ ಕುಂತಿದ್ದಕ್ಕ ಕೊಟ್ಟಿ, ಹೊಲಸ ಮಾಡಿದ್ದಕ್ಕಲ್ಲ. ಮಂದಿ ಸಾಮಾನ ಹಿಂಗ ಧೂಳ ಹೊತಗೊಂಡು ನಮ್ಮ ಮನಿಯಿಂದ ಹೋದ್ರ ನಾಲ್ಕ ಮಂದಿ ಏನಂದಾರು?”

ನಮ್ಮ ಕಡೆಯ ಹೆಂಗಸರೆಲ್ಲ ಹೀಗೆಯೇ. ಬೇರೆಯವರಿಂದ ಇಸಕೊಂಡು ಬಂದ ವಸ್ತು, ಬಂದದ್ದಕ್ಕಿಂತ ಸ್ವಚ್ಛವಾಗಿ ಹೋಗಬೇಕು, ಜೊತೆಗೆ ಏನಾದರೂ ತಿನ್ನುವುದನ್ನು ಹೊತ್ತುಕೊಂಡು ಹೋಗಬೇಕು. ಬಾಡಿಗೆಯ ವಸ್ತು ಬೇರೆ, ಕಡ ತಂದ ವಸ್ತು ಬೇರೆ ಎಂಬ ಭೇದ ಗಂಗತ್ತೆಯ ತಲೆಯಲ್ಲಿ ಇಲ್ಲವೇ ಇಲ್ಲ. ಅಂಗಡಿಯವನಿಗೆಂದು ಒಂದು ಚೀಲದಲ್ಲಿ ಶೇಂಗಾ ಹೋಳಿಗೆ ಕಟ್ಟಿ ಹ್ಯಾಂಡಲಿಗೆ ತೂಗುಹಾಕಿದಳು. “ಅವಗ ನಾವು ಯಾರಂತನ ಗೊತ್ತಿಲ್ಲ ಬೇ” ಎಂದರೆ, “ಹೋಳಿಗಿ ತಿಂದ ಮ್ಯಾಲ ಗೊತ್ತಾಗತೈತಿ ತಗೋ” ಎಂದಳು.

ಅವಳ ಕೈಯ ಬಗ್ಗೆ ನಿಮಗೆ ಹೇಳಲೇಬೇಕು. ಆ ಓಣಿಯಲ್ಲಿ ಹುಟ್ಟಿದ ಹಸುಗೂಸುಗಳಿಗೆಲ್ಲ ಎರೆಯುವುದು ಗಂಗತ್ತೆಯೇ. ಬಚ್ಚಲಿನಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಧೂಪದ ಹೊಗೆ ಕೊಟ್ಟು ತಾಯಿಯ ಕೈಗೆ ಒಪ್ಪಿಸುತ್ತಾಳೆ. ಬೇರೆಯವರ ಕೈಯಲ್ಲಿ ಕಿಟಾರನೆ ಕಿರುಚುವ ಕೂಸು ಅವಳ ಕಾಲ ಮೇಲೆ ಆಕಳಿಸುತ್ತದೆ. ನನಗೆ ಎರೆದದ್ದು ಅವಳೇ, ನನ್ನ ಮಕ್ಕಳಿಗೆ ಎರೆದದ್ದೂ ಅವಳೇ. ಬೈಕಿಗೂ ಅವತ್ತು ಹಾಗೆಯೇ ಎರೆದಳು, ಸಂದಿ ಸಂದಿಗೆ ಬೆರಳು ಹಾಕಿ, ತಟ್ಟಿ, ಒರೆಸಿ. “ಎಷ್ಟ ಮಸಿ ಕುಂತಿತ್ತೋ ಮಾರಾಯಾ, ಟಾಕಿ ಮ್ಯಾಲಿಂದ ಕರ್‍ರಗ ಇಳ್ಯಾಕತ್ತೇತಿ” ಎಂದು ಧೋತರದ ತುಂಡು ಹಿಂಡಿದಳು. ನಾನು ಚಹಾ ಕುಡಿಯುತ್ತ, ಹೂಂಗುಟ್ಟಿ, ಪೆಟ್ರೋಲ್ ಟಾಕಿಯ ಮೇಲೆ ನನ್ನ ಚೀಲ ಇಟ್ಟುಕೊಂಡು ವಿಜಯಪುರದ ದಾರಿ ಹಿಡಿದೆ.

ಅಂಗಡಿಯ ಮಾಲಕ ಮೊದಲು ಹೋಳಿಗೆಯ ಚೀಲ ಬಿಚ್ಚಿದ. “ಆಹಾ, ಇವು ಮನಿ ಹೋಳಿಗಿ ನೋಡ್ರಿ ಕಾಕಾ” ಎಂದು ಅಲ್ಲೇ ನಿಂತು ಒಂದನ್ನು ಮುರಿದು ಬಾಯಿಗೆ ಹಾಕಿದ. ಅಗಿಯುತ್ತಲೇ ಬೈಕಿನ ಸುತ್ತ ಬಂದ. ಎಡಗಡೆ ಟಾಕಿಯ ಹತ್ತಿರ ನಿಂತುಬಿಟ್ಟ. “ಇದೇನ್ರಿ ಇದು?” ನಾನೂ ಬಗ್ಗಿ ನೋಡಿದೆ. ಉದ್ದುದ್ದ ಗೀರುಗಳು, ಕರಿ ಬಣ್ಣದ ಮೇಲೆ ಬೆಳ್ಳಗೆ ಹಲ್ಲು ಕಿರಿಯುತ್ತಿದ್ದವು. ಹಿಂದಿನ ದಿನ ಅವು ಇರಲಿಲ್ಲ, ನಾನೇ ನೋಡಿದ್ದೆ. ಮಾಲಕನ ಬೆರಳಿಗೆ ಹೋಳಿಗೆಯ ಪುಡಿ ಇನ್ನೂ ಅಂಟಿತ್ತು. ಅದೇ ಬೆರಳಿನಿಂದ ಒಂದೊಂದೇ ಗೀರು ತೋರಿಸಿ, “ಡಿಪಾಜಿಟ್ ಮರತ ಬಿಡ್ರಿ ಕಾಕಾ” ಎಂದ.

ಗಾಡಿ ಬಿದ್ದಿಲ್ಲ ಎಂದೆ. ಬಿದ್ದಿದ್ದರೆ ಹಿಂದೆ ಕೂತ ನಮ್ಮ ಅತ್ತೆಯೂ ಬೀಳಬೇಕಿತ್ತಲ್ಲ, ಬೇಕಾದರೆ ಅವಳನ್ನೇ ಕೇಳು ಎಂದು ಫೋನು ಹಚ್ಚಿಕೊಟ್ಟೆ. ನನ್ನ ಜಾಣತನ ನೋಡಿ. ಅವನು ಫೋನು ಇಸಕೊಂಡು ಸ್ಪೀಕರಿಗೆ ಹಾಕಿದ.

“ಯವ್ವಾ, ಗಾಡಿ ಬೀಳಿಸೀರೇನು?”

“ಇಲ್ಲೋ ಯಪ್ಪಾ. ಬಿದ್ದಿಲ್ಲ, ಎದ್ದಿಲ್ಲ. ಬೆಳಿಗ್ಗೆ ಸ್ವಚ್ಛ ತೊಳದ ಕಳಿಸೇನಿ ನೋಡು.”

“ತೊಳದೀ? ಯಾರ ತೊಳದಾರ?”

“ನಾನ ತೊಳದೇನಿ.”

“ಹಂಗನ್ನು ಮತ್ತ! ಟಾಕಿ ತುಂಬ ಗೀರು ಬಿದ್ದಾವ ನಿನ್ನ ಕೈಲೆ. ಕೈ ಅದಾವೋ ಉಸುಕಿನ ಕಾಗದ ಅದಾವೋ? ಒಳ್ಳೆ ಒರಟ ಕೈ ಹಚ್ಚಿ ಗಾಡಿ ಕೆಡಿಸಿಟ್ಟಿ!”

ಆ ಕಡೆಯಿಂದ ಗಂಗತ್ತೆಯ ದನಿ ಸಣ್ಣದಾಗಿ ಕೇಳಿತು: “ಹೌದೇನಪಾ... ನನ್ನ ಕಣ್ಣಿಗೆ ಬೀಳಲಿಲ್ಲ. ಮೆತ್ತಗ ತೊಳದಿದ್ದೆ. ತಪ್ಪಾತು.”

“ಕೇಳಿದ್ರಲ್ಲ ಕಾಕಾ, ಅವರ ಒಪ್ಪಿಕೊಂಡಾರ” ಎಂದು ಫೋನು ನನ್ನ ಕೈಗಿಟ್ಟ. ಒಂದು ಗಾಡಿಯನ್ನು ಅರಿವೆಯಿಂದ ಒರೆಸಿದರೆ ಇಂಥ ಗೀರು ಬೀಳುತ್ತವೆಯೇ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ನಾನು ಅದೇನೇನೋ ತೊದಲಿ, ಹೋಗುವಾಗ ರೂಢಿಯ ಬಾಯಿಂದ ಆ ಮನುಷ್ಯನಿಗೆ “ಬರತೇನ್ರಿ” ಎಂದು ಬೇರೆ ಹೇಳಿ ಬಂದೆ! ಇದನ್ನು ಬರೆಯುವಾಗಲೂ ಹಲ್ಲು ಕಡಿಯುವಂತಾಗುತ್ತದೆ.

ಡಿಪಾಜಿಟ್ ಹೋದರೆ ಹೋಗಲಿ, ನಾಲ್ಕು ಸೀರೆ ಹೆಚ್ಚು ಮಾರಿದರಾಯಿತು ಎಂದು ಸುಮ್ಮನಾಗುತ್ತಿದ್ದೆ. ಆದರೆ ಕೆಲವು ದಿನದ ಮೇಲೆ ಬಬಲೇಶ್ವರದಿಂದ ಗಂಗತ್ತೆಯ ಸೊಸೆ ಫೋನು ಮಾಡಿದಳು. “ಮಾವಾರ, ಅತ್ತಿಯವರಿಗೆ ನೀವರ ಒಂದೀಟ ಬುದ್ಧಿ ಹೇಳ್ರಿ. ಬಾಜೂ ಮನಿ ಕೂಸಿಗೆ ಎರಿಯಾಕ ಹೋಗವಲ್ಲರು.”

ನಾನು ಅಂದೇ ಬಸ್ಸು ಹತ್ತಿದೆ. ಗಂಗತ್ತೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಗೋಡೆಯಾಚೆ ಕೂಸು ಕಿರುಚುತ್ತಿತ್ತು. ಚೊಚ್ಚಲ ಬಾಣಂತಿ, ಅವಳ ತಾಯಿಗೂ ಮೈಯಲ್ಲಿ ಹುಷಾರಿಲ್ಲ, ತಾನೇ ಹೆದರಿ ಹೆದರಿ ನೀರು ಹಾಕುತ್ತಿದ್ದಳು. ಪ್ರತಿ ಸಲ ಕೂಸು ಚೀರಿದಾಗ ಗಂಗತ್ತೆ ಏಳುವವಳಂತೆ ಕಂಬಕ್ಕೆ ಕೈ ಊರುತ್ತಿದ್ದಳು. ಆದರೆ ಏಳಲಿಲ್ಲ.

“ಕಬ್ಬಿಣಕ್ಕ ಗೀರು ಬಿದ್ದಾವಂದ್ರ ಕೂಸಿನ ಮೈ ಏನಾದೀತು ತಮ್ಮಾ?” ಎಂದು ಎರಡೂ ಅಂಗೈ ನನ್ನ ಮುಂದೆ ಹಿಡಿದಳು. “ಎಮ್ಮಿ ಹಿಂಡಿ ಹಿಂಡಿ ಕೈ ಒರಟಾಗ್ಯಾವ. ನನಗ ತಿಳೀಲಿಲ್ಲ. ಇಷ್ಟ ದಿನ ಎಷ್ಟ ಕೂಸಿಗೆ ನೋವಾತೋ, ಅವಕ್ಕ ಬಾಯಿ ಇಲ್ಲ, ಹೇಳಲಿಲ್ಲ.”

ಅಯ್ಯಾ ಓದುಗ ಮಹಾಶಯ, ನನ್ನ ಸಿಟ್ಟು ಎಂಥದೆಂದು ಈಗ ನಿಮಗೆ ತಿಳಿದಿರಬೇಕು. ಆ ಕ್ಷಣ ಅವನು ಎದುರಿಗಿದ್ದಿದ್ದರೆ, ಅವನ ಕರಿ ಕನ್ನಡಕವನ್ನು ನೆತ್ತಿಯಿಂದ ಇಳಿಸಿ ಕಾಲಲ್ಲಿ ತುಳಿದು ಪುಡಿಮಾಡುತ್ತಿದ್ದೆ. ಒಂದು ಜೀವ ಇಡೀ ಆಯುಷ್ಯ ತನ್ನ ಕೈಯನ್ನು ನಂಬಿ ಬದುಕಿರುತ್ತದೆ. ಹೋಳಿಗೆ ತಿನ್ನುತ್ತ ತಿನ್ನುತ್ತ, ಒಂದು ಡಿಪಾಜಿಟ್ಟಿಗಾಗಿ, ಆ ನಂಬಿಕೆಯನ್ನೇ ತಿಂದುಹಾಕಿದನಲ್ಲ!

ಮರುದಿನ ಬೆಳಿಗ್ಗೆ ನನ್ನ ಅಂಗಡಿ ತೆಗೆಯುವ ಮೊದಲು ನೇರ ಗೋಳಗುಮ್ಮಟದ ಕಡೆ ಹೋದೆ. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿ ಹೋಗಿ ನೋಡಿದರೆ ಮಾಲಕ ಬೇವಿನ ಗಿಡದ ಕೆಳಗೆ ಸ್ಟೂಲಿನ ಮೇಲೆ ಕೂತು, ಅದೇ ಬೈಕಿನ ಟಾಕಿಗೆ ಬೂಟ್ ಪಾಲಿಶ್ ತಿಕ್ಕುತ್ತಿದ್ದಾನೆ! ಕರಿ ಪಾಲಿಶಿನ ಡಬ್ಬಿ ತೊಡೆಯ ಮೇಲಿದೆ. ಬೆರಳಿನಿಂದ ಗೀರಿನೊಳಗೆ ಪಾಲಿಶ್ ತುಂಬುತ್ತಾನೆ, ಅರಿವೆಯಿಂದ ಉಜ್ಜುತ್ತಾನೆ, ಗೀರು ಮಾಯವಾಗುತ್ತದೆ. ನನಗೆ ಆಗ ಎಲ್ಲ ತಿಳಿಯಿತು. ಗೀರು ಎಂದೋ ಬಿದ್ದವು. ಇವನು ಪಾಲಿಶ್ ಹಚ್ಚಿ ನೆರಳಿನಲ್ಲಿ ನಿಲ್ಲಿಸಿ ಕೊಡುತ್ತಾನೆ, ಮಳೆಗೋ ಬಿಸಿಲಿಗೋ ಜಳಕಕ್ಕೋ ಅದು ಇಳಿದು ಹೋಗುತ್ತದೆ, ವಾಪಸು ಬಂದಾಗ ಗೀರು ಒಯ್ದವನ ತಲೆಗೆ ಕಟ್ಟುತ್ತಾನೆ. ಗಂಗತ್ತೆ ಧೋತರದ ತುಂಡಿನಿಂದ ಹಿಂಡಿದ ಮಸಿ ಇದೇ. ಎಮ್ಮೆಗೆ ಹಚ್ಚಿದ ಎಣ್ಣೆಯನ್ನು ಮೂಸಿ ಹಿಡಿದವಳಿಗೆ ಇದು ಹೊಳೆಯಲಿಲ್ಲ, ಯಾಕೆಂದರೆ ಗಾಡಿ ಆರಿಸಿ ತಂದವನು ಅವಳ ಅಣ್ಣನ ಮಗ.

“ಏನಪಾ ಇದು?” ಎಂದು ಗುಡುಗಿದೆ.

ಅವನು ತಲೆ ಎತ್ತದೆ, “ಪಾಲಿಶ್ರಿ ಕಾಕಾ. ನಿಮ್ಮತ್ತಿ ಕೆಡಿಸಿದ್ದನ್ನ ಹೆಂಗರ ಮುಚ್ಚಬೇಕಲ್ಲ” ಎಂದ.

ನಾನು ಕೂಗಾಡಿದೆ. ಜೀವಮಾನದಲ್ಲಿ ಮೊದಲ ಸಲ ಬಜಾರಿನಲ್ಲಿ ನಿಂತು ಕೂಗಾಡಿದೆ. ಒಂದು ಟಾಂಗಾದ ಕುದುರೆ ಮಾತ್ರ ಹುಲ್ಲು ತಿನ್ನುವುದು ಬಿಟ್ಟು ನನ್ನನ್ನು ನೋಡಿತು. ಮಾಲಕ ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದ.

ಮತ್ತೆ ಬಬಲೇಶ್ವರಕ್ಕೆ ಹೋಗಿ ಗಂಗತ್ತೆಗೆ ಎಲ್ಲ ಹೇಳಿದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ತಲೆ ಸವರಿ, “ನನ್ನ ಸಮಾಧಾನಕ್ಕ ಹೇಳಾಕತ್ತಿ ಮಲ್ಲೂ. ಸಣ್ಣಾಂವಿದ್ದಾಗಿಂದ ನೀ ಹಂಗ” ಎಂದಳು. ಆಣೆ ಮಾಡಿದೆ, ನಂಬಲಿಲ್ಲ. ಆಮೇಲೆ ತಾನೇ ಕೇಳಿದಳು: “ನಾ ಮುಟ್ಟದಿದ್ದ ಗಾಡಿ ಅವನ ಅಂಗಡ್ಯಾಗ ಇನ್ನೂ ಅದಾವೇನು?”

“ಸಾಲಕ್ಕ ನಿಂತಾವ ಬೇ.”

“ಹಂಗಾರ ನಡಿ. ನಾ ಮುಟ್ಟಿ ನೋಡತೇನಿ.”

ನಾವು ಹೋದಾಗ ಅಂಗಡಿಯ ಮುಂದೆ ಹೊರ ಊರಿನ ಗಂಡಹೆಂಡತಿ ಒಂದು ಬೈಕಿನ ಸುತ್ತ ಬರುತ್ತಿದ್ದರು. ಮಾಲಕ ಅವರಿಗೂ ಅದೇ ಮಾತು ಹೇಳುತ್ತಿದ್ದ, ಸುತ್ತ ಹಾಕಿ ನೋಡ್ರಿ, ಒಂದ ಗೀರಿಲ್ಲ. ಆ ಗಂಡಸು ಪಾಕೀಟು ತೆಗೆದಿದ್ದ. ನಾನು ಒಂದು ಟಾಂಗಾದ ಮರೆಗೆ ನಿಂತೆ. ಗಂಗತ್ತೆ ಮಾಲಕನ ಹತ್ತಿರ ಹೋಗಿ ಮೆತ್ತಗೆ ಕೇಳಿದಳು:

“ತಮ್ಮಾ, ಈ ಗಾಡಿ ನಾ ತೊಳದಿಲ್ಲ, ಹೌದಿಲ್ಲೋ?”

ಅವನಿಗೆ ಅವಳ ಗುರುತು ಹತ್ತಲಿಲ್ಲ. ಯಾವ ಮುದುಕಿಯೋ ಏನೋ ಎಂದು ನಕ್ಕ. “ಇಲ್ಲ ಬಿಡಬೇ ಯವ್ವಾ. ನೀ ಯಾಕ ತೊಳೀತಿ?”

“ಒಂದೂ ಗೀರಿಲ್ಲ, ಹೌದಿಲ್ಲೋ?”

“ಒಂದೂ ಇಲ್ಲ” ಎಂದು ಗಿರಾಕಿಗಳಿಗೆ ಕೇಳುವಂತೆ ಜೋರಾಗಿಯೇ ಹೇಳಿದ.

ಗಂಗತ್ತೆ ಕುಡಿಯುವ ನೀರಿನ ಬಾಟಲಿಯಿಂದ ಸೆರಗಿನ ತುದಿ ತೋಯಿಸಿಕೊಂಡಳು. ಕೂಸಿನ ಹಣೆ ಒರೆಸುವಷ್ಟು ಹಗುರಾಗಿ ಟಾಕಿಯನ್ನು ಒರೆಸಿದಳು. ಸೆರಗು ಕರ್‍ರಗಾಯಿತು, ಅದರ ಕೆಳಗೆ ಬೆಳ್ಳನೆಯ ಗೀರು ಎದ್ದು ಬಂದಿತು. ಅವಳು ಗೀರನ್ನು ನೋಡಿದಳು, ಸೆರಗನ್ನು ನೋಡಿದಳು, ತನ್ನ ಅಂಗೈಯನ್ನು ನೋಡಿಕೊಂಡಳು. ಪಕ್ಕದ ಬೈಕಿಗೆ ಹೋದಳು. ಅಲ್ಲಿಯೂ ಗೀರು. ಅದರಾಚೆಯದಕ್ಕೆ ಹೋದಳು. ಅಲ್ಲಿಯೂ.

“ಏ ಏ ಏ, ಯವ್ವಾ! ಬಿಡಬೇ!” ಎಂದು ಮಾಲಕ ಓಡಿ ಬಂದ. ಆ ಗಂಡಸು ಪಾಕೀಟು ಕಿಸೆಗೆ ಇಟ್ಟುಕೊಂಡ. ಟಾಂಗಾದವರು ಒಬ್ಬೊಬ್ಬರೇ ಇಳಿದು ಬಂದು ಸುತ್ತ ನಿಂತರು. ಮಾಲಕನಿಗೆ ಈಗ ನಾನು ಕಂಡೆ, ಹಾಗೆಯೇ ಈ ಮುದುಕಿ ಯಾರೆಂದೂ ಹೊಳೆಯಿತು. ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು ನನ್ನ ಕೈಗೆ ತುರುಕಿ, “ತಗೋರಿ ಕಾಕಾ ನಿಮ್ಮ ಡಿಪಾಜಿಟ್. ಮದಲ ಇಲ್ಲಿಂದ ಕರಕೊಂಡ ಹೋಗ್ರಿ” ಎಂದ.

ಗಂಗತ್ತೆ ನಡುವೆ ಬಂದು ನಿಂತಳು.

“ರೊಕ್ಕದ ಮಾತ ಆಮ್ಯಾಲ. ಮದಲ ಅನ್ನು.”

“ಏನನ್ಲಿ?”

“ಗೀರು ನನ್ನ ಕೈಲೆ ಬಿದ್ದಿಲ್ಲಂತ ಅನ್ನು.”

ಅವನು ನೆಲ ನೋಡುತ್ತ ಏನೋ ಗೊಣಗಿದ.

“ಕೇಳಸಲಿಲ್ಲ. ಅಂದು ಫೋನಿನ್ಯಾಗ ಜೋರ ಅಂದಿದ್ದಿ.”

“ಗೀರು ನಿನ್ನ ಕೈಲೆ ಬಿದ್ದಿಲ್ಲಬೇ ಯವ್ವಾ!” ಎಂದು ಅವನು ಕಿರುಚಿದ.

ನನ್ನ ಬಾಯಲ್ಲಿ ಅವನಿಗೆಂದು ಕೂಡಿಟ್ಟ ಬೈಗುಳಗಳು ಸಾಲುಗಟ್ಟಿ ನಿಂತಿದ್ದವು. ಆರಂಭಿಸಬೇಕು ಎನ್ನುವಷ್ಟರಲ್ಲಿ ಗಂಗತ್ತೆ ನನ್ನ ರಟ್ಟೆ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಎಳೆದಳು.

“ಅವನ್ನ ಬಿಡು, ಬಾಜೂ ಮನಿಗೆ ಫೋನ್ ಹಚ್ಚು. ನೀರು ಕಾಯಾಕ ಇಡಂತ ಹೇಳು. ಕೂಸಿಗೆ ನಾ ಬಂದು ಎರೀತೇನಿ.”